ಗೆದ್ದ ಎತ್ತಿಗೂ ನಿವೃತ್ತಿ ಬೇಡವೆ?

ಓಟದಲ್ಲಿ ಗೆದ್ದ ಎತ್ತಿನ ಕೊರಳಿಗೆ ಹಾರ ಹಾಕುವ ಕೈಗಳು ನಮ್ಮ ಕಡೆ ಬೇಕಾದಷ್ಟಿವೆ. ಅದೇ ಎತ್ತಿನ ಕಾಲು ಸೋತ ಮೇಲೆ ಅದರ ಮುಂದೆ ಒಂದು ಹಿಡಿ ರಾಗಿಹುಲ್ಲು ಹಾಕುವ ಕೈ ಯಾವುದು ಎಂದು ಕೇಳಿ ನೋಡಿ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೆಲವರು ನಗುತ್ತಾರೆ. "ಟೀಚರಮ್ಮ, ನಿಮಗೆ ಬೇರೆ ಕೆಲಸ ಇಲ್ಲವೆ?" ಎನ್ನುತ್ತಾರೆ. ಇದೆ. ಇದ್ದರೂ ಈ ಪ್ರಶ್ನೆಯನ್ನು ಬಿಡಲು ನಾನು ಸಿದ್ಧಳಿಲ್ಲ. ಎತ್ತು ಗೆದ್ದಾಗ "ನಮ್ಮ ಎತ್ತು" ಎನ್ನುವವರು ಅದು ಸೋತಾಗಲೂ "ನಮ್ಮ ಎತ್ತು" ಎನ್ನಬೇಕು. ಹಾಗೆನ್ನಲಾರದವರು ಗೆದ್ದಾಗಲೂ ಆ ಮಾತು ಆಡಬಾರದು. ನನ್ನ ವಾದ ಇಷ್ಟೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಹಳ್ಳಿಕಾರ್ ಎತ್ತಿನ ಬಗ್ಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಬೂದು ಮೈ, ಉದ್ದ ಮುಖ, ನೆತ್ತಿಯ ಮೇಲೆ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗುವ ಕೊಂಬು. ಮೈಸೂರು ಅರಸರ, ಹೈದರಾಲಿಯ, ಟಿಪ್ಪುವಿನ ಸೈನ್ಯದ ಸಾಮಾನು ಎಳೆದ ಅಮೃತಮಹಲ್ ರಾಸುಗಳ ಮೂಲವೂ ಈ ಹಳ್ಳಿಕಾರೇ. ಸರ್ಕಾರದ ಅಂಚೆ ಇಲಾಖೆ 2000ದಲ್ಲಿ ಈ ತಳಿಯ ಅಂಚೆಚೀಟಿಯನ್ನೇ ಹೊರಡಿಸಿತು. ಅಂದರೆ ಹೆಮ್ಮೆಗೇನೂ ಕಡಿಮೆ ಇಲ್ಲ. ಸಂಕ್ರಾಂತಿಯಂದು ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತೇವೆ. ಮಾಗಡಿ ರಂಗನಾಥಸ್ವಾಮಿಯ ಜಾತ್ರೆಯಲ್ಲಿ, ಘಾಟಿ ಸುಬ್ರಹ್ಮಣ್ಯದಲ್ಲಿ, ಸಿದ್ಧಗಂಗೆಯಲ್ಲಿ ಶಾಮಿಯಾನ ಹಾಕಿ ಕಟ್ಟಿದ ಜೋಡಿಗಳ ಎದುರು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತೇವೆ. ಆದರೆ ಜಾತ್ರೆಯ ತುಂಬ ಸುತ್ತಿ ಬನ್ನಿ. ಹಾಲುಹಲ್ಲಿನವು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲಿನವು, ಬಾಯಿಗೂಡಿದವು ಎಲ್ಲ ಕಾಣುತ್ತವೆ. ಶಾಮಿಯಾನದ ಕೆಳಗೆ ಒಂದಾದರೂ ಮುದಿ ಎತ್ತು ಕಂಡಿತೆ? ಹೋದ ಹತ್ತು ವರ್ಷದಲ್ಲಿ ಬಹುಮಾನ ಹೊಡೆದವೆಲ್ಲ ಎಲ್ಲಿ ಹೋದವು?

ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನಾನಲ್ಲ, ನನ್ನ ತರಗತಿಯ ಒಬ್ಬ ಹುಡುಗ. ಗೋವಿನ ಹಾಡಿನ ಪಾಠ ಮುಗಿದಿತ್ತು. ಎಲ್ಲ ಮಕ್ಕಳ ಕಣ್ಣೂ ತೇವವಾಗಿತ್ತು. ಹಿಂದಿನ ಬೆಂಚಿನಿಂದ ಅವನೆದ್ದು, "ಮಿಸ್, ಪುಣ್ಯಕೋಟಿಗೆ ವಯಸ್ಸಾದ ಮೇಲೆ ಏನಾಯ್ತು?" ಎಂದ. ಹಾಡಿನಲ್ಲಿ ಅದಿಲ್ಲವಲ್ಲಪ್ಪ, ನಿಮ್ಮ ಮನೆಯಲ್ಲಿ ವಯಸ್ಸಾದ ದನ ಏನಾಯಿತು ಹೇಳು ಎಂದೆ. ಅವನು ಯೋಚನೆಯನ್ನೇ ಮಾಡಲಿಲ್ಲ. "ಮಾರ್ಬುಟ್ರು ಮಿಸ್" ಎಂದು ಕುಳಿತ. ಅವನ ಪಕ್ಕದವನೂ ತಲೆಯಾಡಿಸಿದ, ಅದರಾಚೆಯವನೂ ತಲೆಯಾಡಿಸಿದ. ಹುಲಿಯ ಬಾಯಿಂದ ಸತ್ಯವಂತ ಹಸುವನ್ನು ಉಳಿಸಿಕೊಂಡ ನಾಡು ನಮ್ಮದು. ಹುಲಿ ಬಿಟ್ಟದ್ದನ್ನು ನಾವು ಬಿಡುತ್ತಿಲ್ಲ.

ನನ್ನ ತವರಿನ ವಿಷಯವನ್ನೇ ಹೇಳುತ್ತೇನೆ. ಊರವರ ಮನೆಯ ದೋಸೆಯ ತೂತು ಎಣಿಸುವುದಕ್ಕಿಂತ ನಮ್ಮ ಮನೆಯದನ್ನೇ ಎಣಿಸುವುದು ಲೇಸು. ಕನಕಪುರದ ಕಡೆಯ ನಮ್ಮ ಊರಿನಲ್ಲಿ ನನ್ನ ತಮ್ಮ ಒಂದು ಜೋಡಿ ಓಟದೆತ್ತು ಕಟ್ಟಿದ್ದ. ರಾಮ, ಲಕ್ಷ್ಮಣ ಎಂದು ಹೆಸರು. ಅವುಗಳಿಗೆ ಮಾಡುತ್ತಿದ್ದ ಉಪಚಾರ ಬಾಣಂತಿಗೂ ಆಗುತ್ತಿರಲಿಲ್ಲ. ಬೇಯಿಸಿದ ಹುರುಳಿ, ಹಿಂಡಿ, ಬೂಸ; ಓಟ ಹತ್ತಿರವಾದರೆ ಹಾಲು, ಮೊಟ್ಟೆ, ಬೆಣ್ಣೆ. ಇದನ್ನೆಲ್ಲ ಬೇಯಿಸಿ, ಕಲಸಿ, ಬಾನಿಗೆ ಸುರಿದು, ಬೆಳಗಾಗೆದ್ದು ಸಗಣಿ ಬಾಚಿ, ಮೈತೊಳೆದವಳು ನನ್ನ ತಮ್ಮನ ಹೆಂಡತಿ. ಹಗ್ಗ ಹಿಡಿದು ಕಣಕ್ಕಿಳಿದವನು ತಮ್ಮ. ಬಹುಮಾನದ ಚಿತ್ರದಲ್ಲಿ ಅವನಿದ್ದಾನೆ, ಊರಿನ ಹಿರಿಯರಿದ್ದಾರೆ, ಹಾರ ಹಾಕಿದ ಎತ್ತುಗಳಿವೆ. ಅವಳಿಲ್ಲ. ಇರಲಿ, ಅದು ಇನ್ನೊಂದು ಲೇಖನ.

ನಾಲ್ಕೈದು ವರ್ಷ ಈ ಜೋಡಿ ಸುತ್ತಿನ ಊರುಗಳಲ್ಲಿ ಹೆಸರು ಮಾಡಿತು. ಆಮೇಲೆ ಬಲಗಡೆಯ ರಾಮ ಮಲಗಿದವನು ಏಳುವಾಗ ತಡೆದು ತಡೆದು ಏಳತೊಡಗಿದ. ಲಾಳ ಕಟ್ಟುವವನು ಬಂದು ಗೊರಸು ನೋಡಿ, "ಇನ್ನು ಇದನ್ನ ಓಡಿಸ್ಬೇಡಿ" ಎಂದ. ಹಾಗೆಂದ ಮೇಲೂ ಎರಡು ಓಟ ಓಡಿಸಿದರು. ಎರಡರಲ್ಲಿಯೂ ಓಡಿತು, ಒಂದರಲ್ಲಿ ಗೆದ್ದಿತು ಕೂಡ. ಎತ್ತಿನ ಗುಣವೇ ಹಾಗೆ. ಕಾಲು ಬೇಡವೆಂದರೂ ಮನಸ್ಸು ಬಿಡುವುದಿಲ್ಲ. ಪಕ್ಕದ ಎತ್ತು ಓಡಿದರೆ ತಾನೂ ಓಡುತ್ತದೆ. ಓಡುತ್ತದೆ ಎಂಬುದನ್ನೇ ನಾವು "ಓಡಬಲ್ಲದು" ಎಂದು ಅರ್ಥ ಮಾಡಿಕೊಳ್ಳುತ್ತೇವೆ. ನೋವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾರದ ಜೀವದ ಉತ್ಸಾಹವನ್ನು ಅದರ ಒಪ್ಪಿಗೆಯೆಂದು ತಿಳಿಯುವುದು ಎಂಥ ನ್ಯಾಯ? ಮಲ್ಲನೊಬ್ಬ ತಾನೇ "ಸಾಕು" ಎಂದು ಕಣದಿಂದ ಹೊರಗೆ ನಡೆಯಬಹುದು. ಎತ್ತಿನ ಪರವಾಗಿ "ಸಾಕು" ಎನ್ನಬೇಕಾದವನು ಅದರ ಒಡೆಯನೇ.

ಮಾಗಡಿ ಜಾತ್ರೆಗೆ ರಾಮನನ್ನು ಹೊಡೆದುಕೊಂಡು ಹೋಗುವುದೆಂದು ತೀರ್ಮಾನವಾದಾಗ ನಾದಿನಿ ನನಗೆ ಫೋನು ಮಾಡಿದಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅತ್ತಿಗೆ, ನೀವಾದ್ರೂ ಒಂದು ಮಾತು ಹೇಳಿ. ನನ್ನ ಮಾತು ಇಲ್ಲಿ ಯಾರು ಕೇಳ್ತಾರೆ?" ನಾನು ಭಾನುವಾರ ಬಸ್ಸು ಹತ್ತಿ ಹೋದೆ. ತಮ್ಮ ಕೆಟ್ಟವನಲ್ಲ. ಅವನ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಅಕ್ಕ, ನಿಂಗೆ ತಿಂಗ್ಳಾದ್ರೆ ಸಂಬಳ ಬತ್ತದೆ. ನಾಳೆ ರಿಟೈರಾದ್ರೆ ಪಿಂಚಣಿ ಬತ್ತದೆ. ಈ ಎತ್ತಿಗೆ ಪಿಂಚಣಿ ಯಾರು ಕೊಡ್ತಾರೆ, ನೀನು ಕೊಟ್ಟೀಯ?"

ಕೊಡುತ್ತೇನೆ ಎಂದೆ. ಅಂದಿನಿಂದ ತಿಂಗಳು ತಿಂಗಳು ಕೊಡುತ್ತಿದ್ದೇನೆ. ರಾಮ ಈಗಲೂ ನಮ್ಮ ಕೊಟ್ಟಿಗೆಯಲ್ಲಿದ್ದಾನೆ. ತಮ್ಮ ಆರು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಊರಿನಲ್ಲಿ ನನಗೆ "ಎತ್ತಿನ ಟೀಚರು" ಎಂಬ ಹೆಸರೂ ಬಂತು. ಆದರೆ ಇದನ್ನು ಹೇಳಿದ್ದು ನನ್ನ ದೊಡ್ಡತನ ಕೊಚ್ಚಿಕೊಳ್ಳುವುದಕ್ಕಲ್ಲ. ನನ್ನ ಸಂಬಳದಿಂದ ಒಂದು ಎತ್ತು ಉಳಿಯಿತು. ಪ್ರತಿ ಓಟದೆತ್ತಿಗೂ ಸಂಬಳ ಬರುವ ಒಬ್ಬ ಅಕ್ಕ ಇರುವುದಿಲ್ಲ. ತಮ್ಮ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅಕ್ಕಂದಿರ ಕನಿಕರದಿಂದ ಬರಬಾರದು, ಓಟದಿಂದಲೇ ಬರಬೇಕು.

ಲೆಕ್ಕ ಹಾಕೋಣ. ಮಕ್ಕಳಿಗೆ ಲೆಕ್ಕ ಹಾಕಿಸಿದ ಕೈ, ಸುಮ್ಮನಿರುವುದಿಲ್ಲ. ಎತ್ತು ಮೂರು ವರ್ಷಕ್ಕೆ ಕಣಕ್ಕಿಳಿದರೆ ಎಂಟು ಒಂಬತ್ತಕ್ಕೆ ಅದರ ಓಟದ ಕಾಲ ಮುಗಿಯಿತು. ಚೆನ್ನಾಗಿ ಸಾಕಿದ ಎತ್ತು ಹದಿನೆಂಟು ಇಪ್ಪತ್ತು ವರ್ಷ ಬದುಕುತ್ತದೆ. ಅಂದರೆ ಗೆದ್ದ ಕಾಲಕ್ಕಿಂತ ಕುಳಿತು ಮೇಯುವ ಕಾಲವೇ ಹೆಚ್ಚು. ಇಲ್ಲೇ ಎಲ್ಲರೂ ಕೈಚೆಲ್ಲುವುದು. ಸರ್ಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಎಂದು ಆರಂಭಿಸಿದಾಗ ಗೋಶಾಲೆಯ ಒಂದು ರಾಸನ್ನು ವರ್ಷಕ್ಕೆ ದತ್ತು ತೆಗೆದುಕೊಳ್ಳಲು 11,000 ರೂಪಾಯಿ ಎಂದು ಗೊತ್ತು ಮಾಡಿತು. ದಿನಕ್ಕೆ 30 ರೂಪಾಯಿ. ಆ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 1,10,000 ರೂಪಾಯಿ. ಮನೆಯಲ್ಲಿ ಚೆನ್ನಾಗಿ ಸಾಕಲು ಇದರ ಎರಡರಷ್ಟು ಬೇಕೆಂದೇ ಇಟ್ಟುಕೊಳ್ಳಿ. ಗೆದ್ದ ಜೋಡಿಯ ಬೆಲೆಯನ್ನು ಲಕ್ಷಗಳಲ್ಲಿ ಹೇಳಿ ಮೀಸೆ ತಿರುವುವವರಿಗೆ, ಬಹುಮಾನವಾಗಿ ಮೋಟಾರ್ ಸೈಕಲ್ಲು, ಚಿನ್ನ ಕೊಡುವ ಊರುಗಳಿಗೆ, ಇದು ಹೊರಲಾರದ ಭಾರವೆ? ಹಣವಿಲ್ಲ ಎನ್ನಬೇಡಿ. ಹಣವಿದೆ, ಅದರಲ್ಲಿ ಎತ್ತಿನ ಪಾಲು ಎಂಬುದಿಲ್ಲ.

ಕುದುರೆಯ ವಿಷಯ ಬೇರೆ ಎನ್ನುವವರಿದ್ದಾರೆ. ಮಾಗಡಿಯಿಂದ ಕುಣಿಗಲ್ ಏನೂ ದೂರವಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಅಲ್ಲಿದೆ. ರೇಸಿನಲ್ಲಿ ಓಡಿ ಗೆದ್ದ ಒಳ್ಳೆಯ ಹೆಣ್ಣು ಕುದುರೆಗೆ, ಗಂಡು ಕುದುರೆಗೆ ಆಮೇಲೆ ಇಂಥ ಫಾರಮ್ಮಿನಲ್ಲಿ ಮರಿ ಹಾಕಿಸುವ ಕೆಲಸವಾದರೂ ಉಂಟು. ಅದರ ರಕ್ತಕ್ಕೆ ಬೆಲೆ ಉಂಟು. ಎತ್ತಿಗೆ ಅದೂ ಇಲ್ಲ. ಬೀಜ ಒಡೆಸಿ ಎತ್ತು ಮಾಡಿದ ದಿನವೇ ಅದರ ವಂಶವನ್ನು ನಾವು ಮುಗಿಸಿದೆವು. ಅದು ಗೆದ್ದು ತಂದದ್ದೆಲ್ಲ ನಮ್ಮದು, ತನ್ನದೆನ್ನಲು ಅದಕ್ಕೊಂದು ಕರುವೂ ಇಲ್ಲ. ಹೀಗಿರುವಾಗ ಅದರ ಮುಪ್ಪು ಯಾರ ಜವಾಬ್ದಾರಿ? ಮಕ್ಕಳಿಲ್ಲದ ಮುದುಕಿಯನ್ನು ಊರೆಲ್ಲ ಸೇರಿ ನೋಡಿಕೊಂಡದ್ದನ್ನು ನಾವು ಕಂಡಿದ್ದೇವೆ. ಮಕ್ಕಳಾಗದಂತೆ ನಾವೇ ಮಾಡಿದ ಜೀವಕ್ಕೆ ನಮ್ಮ ಋಣ ಇನ್ನೂ ದೊಡ್ಡದಲ್ಲವೆ?

ಇನ್ನು ಕಾನೂನಿನ ಮಾತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನಗಾಡಿ ಓಟವನ್ನೂ ಬೇಡವೆಂದಿತು. ಆಗ ನಮ್ಮವರು ಏನೆಂದರು? ಓಟ ನಿಂತರೆ ದೇಸಿ ತಳಿಯೇ ನಾಶವಾಗುತ್ತದೆ, ನಾವು ಎತ್ತನ್ನು ಮಕ್ಕಳಂತೆ ಸಾಕುತ್ತೇವೆ ಎಂದರು. 2017ರಲ್ಲಿ ನಮ್ಮ ರಾಜ್ಯ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಊರೂರಲ್ಲಿ ಪಟಾಕಿ ಹಾರಿತು. ನಾನು ಅದಕ್ಕೆ ವಿರೋಧಿಯಲ್ಲ. ಓಟವನ್ನೇ ನಿಲ್ಲಿಸಿ ಎನ್ನುವ ಪಟ್ಟಣದ ಪ್ರಾಣಿಪ್ರಿಯರ ಸಾಲಿನಲ್ಲಿ ನಾನು ನಿಂತಿಲ್ಲ. ಟ್ರಾಕ್ಟರು ಬಂದ ಮೇಲೆ ಹಳ್ಳಿಕಾರ್ ಕಟ್ಟುವುದಕ್ಕೆ ರೈತನಿಗೆ ಉಳಿದಿರುವ ಕೆಲವೇ ಕಾರಣಗಳಲ್ಲಿ ಓಟವೂ ಒಂದು ಎಂಬುದು ನಿಜ. ಆದರೆ ಕೋರ್ಟಿನ ಮುಂದೆ "ಮಕ್ಕಳಂತೆ" ಎಂದವರು ಕೊಟ್ಟಿಗೆಯಲ್ಲಿಯೂ ಹಾಗೆಯೇ ನಡೆದುಕೊಳ್ಳಬೇಕು. ಮಗ ಪರೀಕ್ಷೆಯಲ್ಲಿ ಮೊದಲನೆಯವನಾಗುವಷ್ಟು ದಿನ ಮಗ, ಆಮೇಲೆ ಸಂತೆಗೆ ಎನ್ನುವ ತಂದೆ ಎಲ್ಲಾದರೂ ಇದ್ದಾನೆಯೆ? ತಳಿ ಉಳಿಸುವುದೆಂದರೆ ಆರು ಹಲ್ಲಿನ ತನಕ ಮಾತ್ರ ಉಳಿಸುವುದೆ?

ಮಾರಿದರೆ ಏನಾಗುತ್ತದೆ? 1964ರ ಹಳೆಯ ಕಾಯಿದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಯಾವ ವಯಸ್ಸಿನ ಎತ್ತನ್ನೂ ಕಡಿಯಬಾರದೆಂದಿತು. ಆ ಕಾಯಿದೆ ಸರಿಯೆ ತಪ್ಪೆ ಎಂಬುದು ದೊಡ್ಡವರ ಜಗಳ, ಅದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಆದರೆ ಕಡಿಯಬಾರದು ಎಂದ ಕಾಯಿದೆ, ಯಾರು ಮೇಯಿಸಬೇಕು ಎಂಬುದನ್ನು ಒಡೆಯನ ಮನಸ್ಸಿಗೇ ಬಿಟ್ಟಿತು. ಹಾಗಾಗಿ ಮುದಿ ಎತ್ತಿಗೆ ಈಗ ಸಂತೆಯಲ್ಲಿ ನೇರವಾದ ಗಿರಾಕಿ ಇಲ್ಲ. ಇಳಿದ ಬೆಲೆಗೆ ಕೈ ಬದಲಾಗುತ್ತ, ಕತ್ತಲಲ್ಲಿ ಊರಿಂದೂರಿಗೆ ಹೋಗುತ್ತ, ಅದರ ಜಾಡು ಅಳಿಸಿಹೋಗುತ್ತದೆ. ಇಲ್ಲವೆ ಹಗ್ಗ ಬಿಚ್ಚಿ ಬಿಡುತ್ತಾರೆ. ಒಂದು ಕಾಲದಲ್ಲಿ ಹಾಲು ಬೆಣ್ಣೆ ತಿಂದ ಬಾಯಿ ಹೆದ್ದಾರಿಯ ಪಕ್ಕದ ತಿಪ್ಪೆಯಲ್ಲಿ ಪ್ಲಾಸ್ಟಿಕ್ಕು ಮೇಯುತ್ತದೆ. ಕಡಿಯಲಿಲ್ಲ ಎಂಬ ಪುಣ್ಯ ನಮಗೆ, ನವೆದು ಸಾಯುವ ಪಾಡು ಅದಕ್ಕೆ.

ಓಟ ನಿಲ್ಲಿಸಿದ ಮಾತ್ರಕ್ಕೆ ನಿವೃತ್ತಿ ಕೊಟ್ಟಂತಾಗುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನ ದೊಡ್ಡ ಸಾಕ್ಷಿ ಅರ್ಜುನ. ಮೈಸೂರು ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತವನು. ಅರವತ್ತು ತುಂಬಿದ ಆನೆಗೆ ಅಷ್ಟು ಭಾರ ಹೊರಿಸಬಾರದೆಂದು 2020ರಲ್ಲಿ ಅಂಬಾರಿ ಅಭಿಮನ್ಯುವಿಗೆ ಹೋಯಿತು. ಒಳ್ಳೆಯದೇ ಆಯಿತು ಎಂದುಕೊಂಡೆವು. ಆದರೆ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅದೇ ಅರ್ಜುನನನ್ನು ಕರೆದೊಯ್ದಿದ್ದರು. ಮದವೇರಿದ ಒಂಟಿ ಸಲಗದೊಡನೆ ಕಾದಾಡಿ ಅವನು ಅಲ್ಲೇ ಸತ್ತ. ಅಂಬಾರಿ ಹೊರಲು ಮುದುಕನಾದವನು ಮದದಾನೆಯ ಎದುರು ನಿಲ್ಲಲು ಹೇಗೆ ತರುಣನಾದ? ನಾಡೆಲ್ಲ ಅತ್ತಿತು. ಸ್ಮಾರಕ ಬೇಕೆಂಬ ಕೂಗೆದ್ದಿತು. ಸತ್ತ ಮೇಲೆ ಕಟ್ಟುವ ಕಲ್ಲಿಗಿಂತ ಬದುಕಿದ್ದಾಗ ಕೊಡುವ ನೆರಳು ದೊಡ್ಡದು ಎಂದು ಹೇಳಿದವರು ಕಡಿಮೆ. ಅವನಿಗಿಂತ ಮೊದಲು ಅಂಬಾರಿ ಹೊತ್ತ ಬಲರಾಮ 2023ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತನ್ನ ಶಿಬಿರದಲ್ಲಿ ತೀರಿಕೊಂಡ. ಒಂದೇ ಅಂಬಾರಿ ಹೊತ್ತ ಇಬ್ಬರು, ಒಂದೇ ವರ್ಷದಲ್ಲಿ ಸತ್ತವರು. ಒಬ್ಬನಿಗೆ ಹಾಸಿಗೆ ಸಿಕ್ಕಿತು, ಇನ್ನೊಬ್ಬನಿಗೆ ಕೊನೆಯ ದಿನವೂ ಕೆಲಸ ಸಿಕ್ಕಿತು.

ಹೊರದೇಶದಲ್ಲಿ ಹೇಗೆ ಎಂದು ಕೇಳುವವರಿಗಾಗಿ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ ವ್ಯಾಲೆಗ್ರೊ ಎಂಬ ಕುದುರೆ ಇತ್ತು. ಸಂಗೀತಕ್ಕೆ ಹೆಜ್ಜೆ ಹಾಕುವ ಡ್ರೆಸಾಜ್ ಎಂಬ ಸ್ಪರ್ಧೆಯಲ್ಲಿ ಅದನ್ನು ಮೀರಿಸಿದ್ದಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ, 2016ರ ರಿಯೊ ಒಲಿಂಪಿಕ್ಸಿನಲ್ಲಿ ಅದರ ಸವಾರಿಣಿ ಷಾರ್ಲಟ್ ಡುಜಾರ್ಡಿನ್ ಅದರ ಬೆನ್ನೇರಿಯೇ ಚಿನ್ನ ಗೆದ್ದಳು. ರಿಯೊದಲ್ಲಿ ಗೆದ್ದ ಅದೇ ವರ್ಷದ ಡಿಸೆಂಬರಿನಲ್ಲಿ, ಕುದುರೆಗೆ ಹದಿನಾಲ್ಕು ವರ್ಷವಾಗಿದ್ದಾಗ, ಇನ್ನೂ ಗೆಲ್ಲುವ ಶಕ್ತಿ ಇರುವಾಗಲೇ, ಲಂಡನ್ನಿನ ಒಂದು ದೊಡ್ಡ ಮೇಳದಲ್ಲಿ ಸಾವಿರಾರು ಜನರ ಎದುರು ಅದಕ್ಕೆ ಬೀಳ್ಕೊಡುಗೆ ಮಾಡಿದರು. ಸೋತ ಮೇಲೆ ನಿಲ್ಲಿಸುವುದಲ್ಲ, ಗೆದ್ದು ನಿಂತಿರುವಾಗ ನಿಲ್ಲಿಸುವುದು. ಇದಲ್ಲವೆ ಮರ್ಯಾದೆ?

ಆದರೆ ಈ ಕತೆಗೆ ಇನ್ನೊಂದು ತುದಿಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಸವಾರಿಣಿ ಬೇರೊಂದು ಕುದುರೆಯ ಕಾಲಿಗೆ ಉದ್ದನೆಯ ಚಾವಟಿಯಿಂದ ಮತ್ತೆ ಮತ್ತೆ ಹೊಡೆಯುವ ಚಿತ್ರ 2024ರಲ್ಲಿ ಹೊರಬಿತ್ತು. ಅವಳು ಪ್ಯಾರಿಸ್ ಒಲಿಂಪಿಕ್ಸಿನಿಂದ ಹಿಂದೆ ಸರಿದಳು, ಒಂದು ವರ್ಷ ನಿಷೇಧವೂ ಆಯಿತು. ಒಂದನ್ನು ಪ್ರೀತಿಸಿದ ಕೈಯೇ ಇನ್ನೊಂದನ್ನು ಹೊಡೆಯಿತು. ನಮಗೆ ಇದರಲ್ಲಿ ಒಂದು ಪಾಠವಿದೆ. ಪ್ರಾಣಿಯ ಬಾಳನ್ನು ಒಡೆಯನ ಪ್ರೀತಿಯೊಂದಕ್ಕೇ ಬಿಟ್ಟುಕೊಡಬಾರದು. ಪ್ರೀತಿ ಇಂದು ಇರುತ್ತದೆ, ನಾಳೆ ಸಾಲದವನು ಬಾಗಿಲಿಗೆ ಬಂದರೆ ಇರುವುದಿಲ್ಲ. ಪ್ರೀತಿಯ ಜೊತೆಗೆ ಕಟ್ಟಳೆ ಬೇಕು. ನನಗೆ ಪಿಂಚಣಿ ಬರುವುದು ಸರ್ಕಾರಕ್ಕೆ ನನ್ನ ಮೇಲೆ ಅಕ್ಕರೆ ಉಕ್ಕಿದ್ದರಿಂದಲ್ಲ, ಕಟ್ಟಳೆ ಇರುವುದರಿಂದ.

ಇನ್ನೆರಡು ವರ್ಷಕ್ಕೆ ನನಗೂ ಅರವತ್ತು. ಶಾಲೆಯಲ್ಲಿ ಬೀಳ್ಕೊಡುಗೆ ಆಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಹೊಗಳದವರ ಹೊಗಳಿಕೆ, ಎಲ್ಲವೂ ಇರುತ್ತದೆ. ಅದನ್ನೆಲ್ಲ ನೋಡಿ ನಕ್ಕು ಮನೆಗೆ ಬರಬಹುದು, ಏಕೆಂದರೆ ಮುಂದಿನ ತಿಂಗಳ ಅಕ್ಕಿಗೆ ಯೋಚನೆಯಿಲ್ಲ. ಅಕ್ಕಿಯ ಖಾತ್ರಿಯಿಲ್ಲದ ಶಾಲು ಬರೀ ನಾಟಕ. ಎತ್ತಿಗೆ ನಾವು ಶಾಲು ಹೊದಿಸುತ್ತಿದ್ದೇವೆ, ಅಕ್ಕಿಯ ಮಾತೆತ್ತುತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ದೂರುವುದಷ್ಟೇ ಲೇಖಕಿಯರ ಕೆಲಸವೆಂಬ ಅಪವಾದ ಬೇಡ. ನಾಲ್ಕು ಮಾತು ಹೇಳುತ್ತೇನೆ. ಒಂದು, ಓಟಕ್ಕೆ ಇಳಿಯುವ ಪ್ರತಿ ಎತ್ತಿನ ವಯಸ್ಸು, ಒಡೆಯನ ಹೆಸರು ಪಶುವೈದ್ಯರ ಸಹಿಯೊಡನೆ ಒಂದು ಪುಸ್ತಕದಲ್ಲಿ ದಾಖಲಾಗಬೇಕು. ವೈದ್ಯರು ಬೇಡವೆಂದ ಎತ್ತು ಕಣಕ್ಕಿಳಿಯಬಾರದು, ಅದು ಯಾರ ಮನೆಯದಾದರೂ ಸರಿ. ಎರಡು, ಪ್ರವೇಶ ಶುಲ್ಕದಲ್ಲಿ, ಬಹುಮಾನದಲ್ಲಿ, ಊರಿನ ಚಂದಾದಲ್ಲಿ ಒಂದು ಪಾಲನ್ನು ಮೇವಿನ ನಿಧಿ ಎಂದು ಬೇರೆ ಇಡಬೇಕು. ಆ ಹಣ ಕೈಗೆ ಸಿಗಬಾರದು, ಹುಲ್ಲು ಬೂಸದ ರೂಪದಲ್ಲಿಯೇ ಮನೆ ತಲುಪಬೇಕು. ಮೂರು, ನಿವೃತ್ತಿಯನ್ನು ಗುಟ್ಟಾಗಿ ಮಾಡದೆ ಅದೇ ಕಣದಲ್ಲಿ, ಅದೇ ಜನರ ಎದುರು ಮಾಡಬೇಕು. ಇನ್ನು ಮುಂದೆ ಈ ಎತ್ತನ್ನು ಸಾಕುವವರು ಇಂಥವರು ಎಂದು ಮೈಕಿನಲ್ಲಿ ಹೇಳಬೇಕು. ನಾಲ್ಕು, ಮುಂದಿನ ವರ್ಷದ ಜಾತ್ರೆಯಲ್ಲಿ ಓಟ ಶುರುವಾಗುವ ಮೊದಲು, ನಿವೃತ್ತಿಯಾದ ಎತ್ತುಗಳನ್ನು ಒಮ್ಮೆ ಕಣದ ಸುತ್ತ ನಡೆಸಬೇಕು. ಓಡಿಸುವುದಲ್ಲ, ನಡೆಸುವುದು. ಯಾವ ಮನೆಯ ಎತ್ತು ಬರಲಿಲ್ಲವೋ ಆ ಮನೆಯ ಹೊಸ ಜೋಡಿಗೆ ಆ ವರ್ಷ ಓಟವಿಲ್ಲ. ಎತ್ತು ಸತ್ತಿದ್ದರೆ ಸತ್ತಿದೆ ಎಂದು ಹೇಳಲಿ, ಅದಕ್ಕೆ ಯಾರೂ ಬೈಯುವುದಿಲ್ಲ.

ಇಂಥದ್ದೊಂದು ಮಾತನ್ನು ನಾನು ಒಂದು ಓಟದ ಸಮಿತಿಯವರ ಮುಂದೆ ಹೇಳಿದಾಗ, "ಹೆಂಗಸರಿಗೆ ಇದೆಲ್ಲ ಯಾಕಮ್ಮ?" ಎಂದರು. ನಾನು ಕೇಳಿದೆ: ಬೆಳಗಿನ ಜಾವ ಹುರುಳಿ ಬೇಯಿಸುವುದು ಯಾರು? ಕಾಯಿಲೆ ಬಿದ್ದ ಎತ್ತಿಗೆ ಗೊಟ್ಟದಲ್ಲಿ ಕಷಾಯ ಕುಡಿಸುವುದು ಯಾರು? ಗೆದ್ದು ಬಂದಾಗ ಆರತಿ ಎತ್ತಿ ದೃಷ್ಟಿ ತೆಗೆಯುವುದು ಯಾರು? ಇಷ್ಟಕ್ಕೆಲ್ಲ ಹೆಂಗಸರು ಬೇಕು, ಹಗ್ಗ ಬದಲಾಯಿಸುವ ಮಾತಿಗೆ ಮಾತ್ರ ಬೇಡ. ಅವರು ಉತ್ತರ ಹೇಳಲಿಲ್ಲ. ಕಾಫಿ ತರಿಸಿದರು.

ಪೇಟೆಯಲ್ಲಿರುವ ನಾವು ಏನು ಮಾಡಲು ಸಾಧ್ಯ ಎನ್ನಬೇಡಿ. ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಹಳ್ಳಿಯ ಮನೆ ಇನ್ನೂ ಉಂಟು. ಜಾತ್ರೆಯ ಚಂದಾ ರಸೀದಿ ಹಿಡಿದು ನಮ್ಮ ಬಾಗಿಲಿಗೂ ಬರುತ್ತಾರೆ. ನಮ್ಮ ಗಂಡಂದಿರ ಅಂಗಡಿಗಳ ಹೆಸರು ಓಟದ ಬ್ಯಾನರಿನ ಮೇಲೆ ಇರುತ್ತದೆ. ನಮ್ಮ ಮಕ್ಕಳು ಯುವಕ ಸಂಘದಲ್ಲಿದ್ದಾರೆ. ರಸೀದಿ ಹರಿಯುವ ಮುನ್ನ ಒಂದು ಪ್ರಶ್ನೆ ಕೇಳಿ: ಹೋದ ವರ್ಷ ಗೆದ್ದ ಎತ್ತು ಈಗ ಎಲ್ಲಿದೆ? ಉತ್ತರ ಬಂದರೆ ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಕೊಡಿ. ಉತ್ತರ ಬಾರದಿದ್ದರೆ, ಬಂದ ಮೇಲೆ ಕೊಡುತ್ತೇನೆ ಎನ್ನಿ. ದೊಡ್ಡ ಚಳವಳಿ ಬೇಡ. ಬಾಗಿಲಲ್ಲಿ ನಿಂತು ಕೇಳಿದ ಒಂದು ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದು ಮನೆ ನಡೆಸುವವರಿಗೆಲ್ಲ ಗೊತ್ತಿದೆ.

ನಮ್ಮ ರಾಮದೇವರ ಬೆಟ್ಟದಲ್ಲಿ ತೆಗೆದ 'ಶೋಲೆ' 1975ರಲ್ಲಿ ಬಿಡುಗಡೆಯಾಯಿತು. ಬಸಂತಿಯ ಟಾಂಗಾ ಎಳೆದು ಓಡಿದ ಧನ್ನೋ ಎಂಬ ಕುದುರೆಯ ಹೆಸರು ಇಂದಿಗೂ ಎಲ್ಲರ ಬಾಯಲ್ಲಿದೆ. ಅದರ ಓಟವನ್ನು ನೂರು ಸಲ ನೋಡಿದವರಿದ್ದಾರೆ. ಚಿತ್ರೀಕರಣ ಮುಗಿದ ಮೇಲೆ ಆ ಕುದುರೆಗಳು ಯಾರ ಲಾಯದಲ್ಲಿ ಮುಪ್ಪಾದವು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಓಡುವುದನ್ನು ನೋಡುವ ಕಣ್ಣು ನಮಗೆ ಯಾವಾಗಲೂ ಇದೆ, ನಿಂತದ್ದನ್ನು ನೋಡುವ ಕಣ್ಣು ಬರಬೇಕಾಗಿದೆ.

ಚನ್ನಪಟ್ಟಣದ ಅಂಗಡಿಗಳಲ್ಲಿ ಅರಗಿನ ಬಣ್ಣದ ಚಂದದ ಮರದ ಕುದುರೆಗಳು ಸಿಗುತ್ತವೆ. ಆಲೆ ಮರದಲ್ಲಿ ಮಾಡಿದ್ದು. ಅದಕ್ಕೆ ಹುಲ್ಲು ಬೇಡ, ಅದರ ಕಾಲು ಸೋಲುವುದಿಲ್ಲ, ಅದಕ್ಕೆ ವಯಸ್ಸೂ ಆಗುವುದಿಲ್ಲ. ಬರೀ ಗೆಲುವು ಬೇಕು, ಮುಪ್ಪು ಬೇಡ ಎನ್ನುವವರು ದಯವಿಟ್ಟು ಅದನ್ನು ಕೊಂಡು ಷೋಕೇಸಿನಲ್ಲಿ ಇಟ್ಟುಕೊಳ್ಳಲಿ. ಉಸಿರಾಡುವ ಜೀವವನ್ನು ಕಟ್ಟಿದವರು ಅದರ ಕೊನೆಯ ಉಸಿರಿನವರೆಗೂ ಗೂಟ ಕೀಳಬಾರದು.